ಎಳೆ ಹಿಡಿದು ನಡೆದ ಗೌಜಲಕ್ಕಿ

ಗವಿಗಲ್ಲು ಗುಡ್ಡದ ತಪ್ಪಲಲ್ಲಿ ಒಂದು ಕುರುಚಲು ಕಾಡು. ಆ ಕಾಡಿನ ಹೊಂಗೆ ಮರದ ಸುತ್ತ ಏಳು ಮನೆ. ಅದರಲ್ಲೊಂದು ಮನೆ ಮಾದಕ್ಕನದು. ಮಾದಕ್ಕ ಗೌಜಲಕ್ಕಿ, ಕಾರೆ ಮುಳ್ಳಿನ ಪೊದೆಯೇ ಅವಳ ಅರಮನೆ. ಗಂಡ ಕೆಂಚಪ್ಪ, ಮೊನ್ನೆ ಮೊನ್ನೆ ಮೊಟ್ಟೆಯೊಡೆದು ಬಂದ ಆರು ಮರಿಗಳು, ಇಷ್ಟೇ ಸಂಸಾರ. ಗೌಜಲಕ್ಕಿಯ ಕೂಗು ಕೇಳಿದ್ದೀರಾ, ಮಕ್ಕಳೇ? ಬೆಳಗಿನ ಹೊತ್ತು ಮಾದಕ್ಕ ಒಮ್ಮೆ ದನಿಯೆತ್ತಿದರೆ ಸಾಕು, ಏಳು ಮನೆಯವರೂ ಬೈದುಕೊಂಡು ಏಳುತ್ತಿದ್ದರು.

ಆ ಕಾಡಿನಲ್ಲಿ ಮನೆಮನೆಗೂ ಎಳೆ ಇತ್ತು. ಯಾವ ಎಳೆ ಅಂತೀರಾ? ಜೇಡರ ನೂಲಿನ ಎಳೆ. ನೂಲಪ್ಪ ಎಂಬ ದೊಡ್ಡ ಜೇಡ ಗುಡ್ಡದ ತುದಿಯಿಂದ ಮನೆಗಳವರೆಗೆ ಅದನ್ನು ಎಳೆದು ಕಟ್ಟಿದ್ದ. ತುದಿಗೊಂದು ಒಣ ಎಲೆಯ ದೊನ್ನೆ. ಆ ಕಡೆ ದೊನ್ನೆಗೆ ಬಾಯಿಟ್ಟು ಮಾತಾಡಿದರೆ ಈ ಕಡೆ ಕಿವಿಯಿಟ್ಟವರಿಗೆ ಸೊಗಸಾಗಿ ಕೇಳುತ್ತಿತ್ತು. ನಿಮ್ಮ ಮನೆಯ ಇಂಟರ್‌ನೆಟ್ ಇದ್ದ ಹಾಗೆ ಅಂದುಕೊಳ್ಳಿ.

ಗುಡ್ಡದ ತುದಿಯ ಬಂಡೆಯ ಮೇಲೆ ಮುಸುವಜ್ಜ ಕೂತಿರುತ್ತಿದ್ದ. ಕಪ್ಪು ಮುಖದ ಮುದಿ ಕೋತಿ. ಎಲ್ಲಿ ಹಣ್ಣಾಗಿದೆ, ಎಲ್ಲಿ ನೀರಿದೆ, ಕಾಡುಬೆಕ್ಕು ಎತ್ತ ಹೊರಟಿದೆ, ಎಲ್ಲ ಅವನ ಕಣ್ಣಿಗೆ ಬೀಳುತ್ತಿತ್ತು. ಆದರೆ ಗುಡ್ಡ ದೂರ. ಬರೀ ಬಾಯಲ್ಲಿ ಕೂಗಿದರೆ ಗಾಳಿಗೆ ಹೋಯಿತು. ಸುದ್ದಿ ಎಳೆಯಲ್ಲೇ ಬರಬೇಕು. ಮಾದಕ್ಕನ ಮರಿಗಳಿಗೋ ಇನ್ನೂ ಹಾರಲು ಬಾರದು. ಅವುಗಳ ಪಾಲಿಗೆ ಆ ಎಳೆಯೇ ಜೀವ.

ಎಳೆಗೆ ಬಾಡಿಗೆ ಗೆದ್ದಲು ಹುಳು. ಹುಣ್ಣಿಮೆಗೊಮ್ಮೆ ನೂಲಪ್ಪ ಬಂದು ಮನೆಗೆ ಹತ್ತು ಗೆದ್ದಲು ಕಟ್ಟಿಕೊಂಡು ಹೋಗುತ್ತಿದ್ದ. ಹತ್ತು ಹೋಗಿ ಹದಿನೈದಾಯಿತು. ಹದಿನೈದು ಇಪ್ಪತ್ತೈದಾಯಿತು. ಈ ಸಲ ಬಂದವನೇ ಎಂಟೂ ಕಾಲು ಚಾಚಿ ಕೂತು, "ನಲವತ್ತು" ಅಂದ.

"ನಲವತ್ತಾ! ಏನಣ್ಣಾ ಇದು, ತಲೆ ಮೇಲೆ ಮೆಣಸು ಅರೀತೀಯಲ್ಲ!" ಅಂದಳು ಮಾದಕ್ಕ.

"ನಾನೇನು ಮಾಡಲಿ? ಗುಡ್ಡದಿಂದ ಒಂದೊಂದು ಮನೆಗೂ ಒಂದೊಂದು ಎಳೆ. ಏಳು ಮನೆಗೆ ಏಳು ಉದ್ದನೆ ಎಳೆ! ನೂಲು ಬರೋದು ನನ್ನ ಹೊಟ್ಟೆಯಿಂದ, ನಿನ್ನ ಹೊಟ್ಟೆಯಿಂದಲ್ಲ."

"ಹೋದ ತಿಂಗಳು ಹರಿದಾಗ ಮೂರು ದಿನ ಈ ಕಡೆ ತಲೆ ಹಾಕಲಿಲ್ಲ ನೀನು."

"ಬೇಡ ಅಂದ್ರೆ ಹೇಳು, ಕಿತ್ತುಕೊಂಡು ಹೋಗ್ತೀನಿ. ಐದು ದಿನ ಟೈಮು ಕೊಟ್ಟಿದ್ದೀನಿ," ಎಂದು ನೂಲಪ್ಪ ನೂಲು ಬಿಟ್ಟುಕೊಂಡು ಇಳಿದೇ ಹೋದ. ಕಾಡಿಗೆಲ್ಲ ಅವನೊಬ್ಬನೇ. ಅವನಾಡಿದ್ದೇ ಆಟ.

ಮಾದಕ್ಕನಿಗೆ ಮೈಯೆಲ್ಲ ಉರಿಯಿತು. ನಲವತ್ತು ಗೆದ್ದಲು ಕೊಟ್ಟರೆ ಮರಿಗಳು ಹಸಿದು ಮಲಗಬೇಕು. ಕೊಡದಿದ್ದರೆ ಬೆಕ್ಕು ಬಂದಾಗ ಹೇಳುವವರಿಲ್ಲ. ಹೊಟ್ಟೆಯೋ ಪ್ರಾಣವೋ ಎಂದು ತಾಯಿಯನ್ನು ಕೇಳಿದರೆ ಅವಳು ಏನು ಹೇಳಿಯಾಳು? ಆದರೂ ಅಳುತ್ತ ಕೂರುವ ಜೀವ ಅಲ್ಲ ಅದು. "ಇನ್ನೂ ಐದು ದಿನ ಇದೆ, ನೋಡೋಣ," ಎಂದು ಮರಿಗಳನ್ನು ಕರೆದುಕೊಂಡು ಹುತ್ತ ಕೆದಕಲು ಹೊರಟಳು.

ಮಾರನೆಯ ದಿನವೇ ಹೊಂಗೆ ಮರದ ಮೇಲೆ ಹೊಸ ಅತಿಥಿ! ಕರ್ರಗೆ ಮಿರಿಮಿರಿ ಮಿಂಚುವ ಮೈ, ಬಾಲದ ತುದಿಯಲ್ಲಿ ಎರಡು ಉದ್ದನೆ ಗರಿ. ಕಾಜಾಣ ಚಿನ್ನಪ್ಪ. ಸುತ್ತಲ ಮನೆಯವರೆಲ್ಲ ಸೇರಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡ.

"ಅಕ್ಕಂದಿರೇ, ಅಣ್ಣಂದಿರೇ! ನೂಲಪ್ಪನಿಗೆ ನಲವತ್ತು ಯಾಕೆ ಸುರೀತೀರಿ? ನನ್ನ ಹೊಸ ಎಳೆ ಹಾಕಿಸಿಕೊಳ್ಳಿ. ಮೂರು ಹುಣ್ಣಿಮೆ ಪೂರ್ತಿ ಪುಕ್ಕಟೆ! ಆಮೇಲೂ ತಿಂಗಳಿಗೆ ಬರೀ ಐದು. ಈಗ ಮುಂಗಡ ಅಂತ ಇಪ್ಪತ್ತು ಗೆದ್ದಲು ಕೊಟ್ಟರೆ ಆಯಿತು. ಹಳೇ ಎಳೆ ಮಾತ್ರ ಇವತ್ತೇ ಕಡಿದುಹಾಕಬೇಕು. ಎರಡಿದ್ದರೆ ಸಿಕ್ಕಾಗುತ್ತೆ ನೋಡಿ."

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದಿದ್ದೇ ತಡ, ಸುಂಡಿಲಿ ಚಿಕ್ಕಣ್ಣ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದ. ಚಿಕ್ಕಣ್ಣ ಮಾದಕ್ಕನ ಪಕ್ಕದ ಮನೆಯವನು. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಪೈಕಿ.

"ಮೊದಲು ಕೇಳಿ ನೋಡಿ, ಆಮೇಲೆ ಮಾತು," ಎಂದ ಕಾಜಾಣ ಒಂದು ದೊನ್ನೆ ಇಳಿಬಿಟ್ಟ. "ನಾನು ಮೇಲೆ ಎಲೆ ಮರೆಯಲ್ಲಿ ಕೂತು ಎಳೆ ಬಿಗಿ ಹಿಡ್ಕೊಂಡಿರ್ತೀನಿ."

ಚಿಕ್ಕಣ್ಣ ದೊನ್ನೆಗೆ ಬಾಯಿಟ್ಟು, "ಮುಸುವಜ್ಜಾ!" ಅಂದ.

"ಹೇಳು ಮಗನೇ! ಎಲ್ಲಾ ಕ್ಷೇಮ! ಬೆಕ್ಕು ಗಿಕ್ಕು ಏನೂ ಇಲ್ಲ!" ಎಂದು ಉತ್ತರ ಬಂತು. ಥೇಟ್ ಅಜ್ಜನ ದನಿ, ನಡುವೆ ಅದೇ ಗೊರಗೊರ ಕೆಮ್ಮು.

"ಅಬ್ಬಬ್ಬಾ! ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ!" ಚಿಕ್ಕಣ್ಣ ಕುಣಿದುಬಿಟ್ಟ. ಸಂಜೆಯೊಳಗೆ ಮಾದಕ್ಕನದೊಂದು ಬಿಟ್ಟು ಉಳಿದ ಆರೂ ಮನೆಯವರು ಇಪ್ಪತ್ತಿಪ್ಪತ್ತು ಗೆದ್ದಲು ತಂದು ಸುರಿದರು, ಹಳೇ ಎಳೆ ಕಡಿದುಹಾಕಿದರು.

ಮಾದಕ್ಕನಿಗೂ ಆಸೆಯಾಯಿತು. ಯಾಕಾಗಬಾರದು? ತಿಂಗಳಿಗೆ ಐದೇ ಐದು ಕೊಟ್ಟರೆ ಮರಿಗಳ ಹೊಟ್ಟೆ ತಣ್ಣಗಿರುತ್ತದೆ. ಆದರೆ ಗೌಜಲಕ್ಕಿಗೆ ಒಂದು ಹುಟ್ಟುಗುಣ. ಕಾಳು ಕಣ್ಣೆದುರಿಗೇ ಬಿದ್ದಿದ್ದರೂ ಕಾಲಲ್ಲಿ ಎರಡು ಸಲ ಕೆದಕಿ ನೋಡದೆ ಕೊಕ್ಕು ಹಾಕುವುದಿಲ್ಲ. "ಕೆದಕದೆ ಕುಕ್ಕಬೇಡ," ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ಮರುದಿನ ಬೆಳಗ್ಗೆ ಅವಳೂ ಹೋಗಿ ಕಾಜಾಣನ ದೊನ್ನೆಗೆ ಬಾಯಿಟ್ಟಳು.

"ಅಜ್ಜಾ, ನಾನು ಮಾದಕ್ಕ. ಮೊನ್ನೆ ನಿಮ್ಮ ಹತ್ತಿರ ನನ್ನ ಕಿರಿ ಮರಿ ವಿಷಯ ಹೇಳಿದ್ದೆನಲ್ಲ, ನೆನಪಿದೆಯಾ?"

ದೊನ್ನೆ ಮೊದಲು ಗೊರಗೊರ ಕೆಮ್ಮಿತು. ಆಮೇಲೆ, "ಎಲ್ಲಾ ಕ್ಷೇಮ ಮಗಳೇ! ಎಲ್ಲಾ ಕ್ಷೇಮ!" ಅಂದಿತು.

ಮರಿಯ ಕಾಲು ಉಳುಕಿದೆ ಅಂತ ತಾನು ಹೇಳಿದ್ದು. ಅಜ್ಜನ ಕಿವಿಗೆ ಇಂಥ ಮಾತು ಬಿದ್ದರೆ ಅರ್ಧ ದಿನ ಔಷಧಿ ಹೇಳುವ ಪ್ರಾಣಿ ಅದು!

"ಅಜ್ಜನಿಗೆ ವಯಸ್ಸಾಯ್ತು ಅಕ್ಕಾ, ಮರೆವು," ಎಂದು ಮೇಲಿನಿಂದ ಕಾಜಾಣ ನಕ್ಕ. "ಮುಂಗಡ ತಂದ್ರಾ?"

"ತರೋಣ, ಅದಕ್ಕೇನು ಅವಸರ," ಎಂದು ಮಾದಕ್ಕ ಮನೆಗೆ ಬಂದಳು. ಮರಿಗಳನ್ನು ಕೆಂಚಪ್ಪನ ರೆಕ್ಕೆಯಡಿ ಸೇರಿಸಿದಳು.

"ಮತ್ತೆ ಕೆದಕೋಕೆ ಹೊರಟ್ಯಾ?" ಕೆಂಚಪ್ಪ ನಗಾಡಿದ. "ಎಲ್ಲರೂ ಹಾಕಿಸಿಕೊಂಡಿದ್ದಾರೆ ಕಣೆ."

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರು ಅವರು. ನೀನು ನಮ್ಮ ಹಳೇ ದೊನ್ನೆ ಕಡೆ ಒಂದು ಕಿವಿ ಇಟ್ಟಿರು. ನಾನು ಎಳೆ ಹಿಡಿದು ಹೋಗಿ ಬರ್ತೀನಿ."

ಹೊಂಗೆ ಮರದಿಂದ ಕಾಜಾಣನ ಎಳೆಯ ಜಾಡು ಹಿಡಿದು ಅವಳು ತುರುತುರು ನಡೆದಳು. ಇಪ್ಪತ್ತು ಹೆಜ್ಜೆ ಹೋದಳು. ಒಂದು ಬಂಡೆಯ ಹಿಂದೆ ಜಾಲಿ ಗಿಡ. ಎಳೆ ಅಲ್ಲಿಗೇ ಮುಗಿಯಿತು! ತುದಿಗೆ ದೊನ್ನೆಯೂ ಇಲ್ಲ, ಮಣ್ಣೂ ಇಲ್ಲ. ಒಂದು ಮುಳ್ಳಿಗೆ ಸುತ್ತಿ ಬಿಟ್ಟ ತುಂಡು ನೂಲು ಗಾಳಿಗೆ ಜೋತಾಡುತ್ತಿತ್ತು.

ಮಾದಕ್ಕನಿಗೆ ಎಲ್ಲ ಹೊಳೆಯಿತು. ಕಾಜಾಣ ಯಾರ ದನಿಯನ್ನು ಬೇಕಾದರೂ ಹಾಗೆಯೇ ಆಡಿ ತೋರಿಸುವ ಹಕ್ಕಿ. ಎಲೆ ಮರೆಯಲ್ಲಿ ಕೂತು ಅಜ್ಜನ ಕೆಮ್ಮನ್ನೂ ಬಿಡದೆ ಕೆಮ್ಮಿದ್ದಾನೆ, ಕಳ್ಳ!

"ಬಂದದ್ದೇ ಬಂದೆ, ನೂಲಪ್ಪನ ಎಳೆಯನ್ನೂ ಒಂದು ಕೈ ನೋಡೇಬಿಡೋಣ," ಎಂದುಕೊಂಡು ಅವಳು ಹಿಂದಿರುಗಿ ತನ್ನ ಮನೆಯ ಎಳೆ ಹಿಡಿದಳು. ಅದು ಹೊಂಗೆ ಮರದ ಕವಲಿಗೆ ಹೋಯಿತು. ಅಲ್ಲೊಂದು ಗಂಟು. ಆರು ಮನೆಯವರು ಕಡಿದ ಎಳೆಗಳ ಮೋಟು ತುದಿಗಳೂ ಅದೇ ಗಂಟಿನಿಂದ ನೇತಾಡುತ್ತಿದ್ದವು. ಆ ಗಂಟಿನಿಂದ ಆಚೆ ಗುಡ್ಡಕ್ಕೆ ಹೋಗುತ್ತಿದ್ದದ್ದು ಒಂದು ಎಳೆ. ಒಂದೇ ಒಂದು!

ಅದರ ಜೊತೆಗೇ ಗುಡ್ಡ ಹತ್ತಿದಳು. ಏದುಸಿರು ಬಿಡುತ್ತ ಬಂಡೆ ತಲುಪಿದಾಗ ಮುಸುವಜ್ಜ ಕೆಮ್ಮುತ್ತ ಕೂತಿದ್ದ.

"ಯಾರು, ಮಾದಕ್ಕನಾ? ನಿನ್ನ ಕುಂಟ ಮರಿಗೆ ಎಕ್ಕದ ಎಲೆ ಕಟ್ಟಿದ್ಯಾ? ಕಾಯಿಸಿ ಕಟ್ಟು ಅಂದಿದ್ದೆ. ಹಸಿ ಎಲೆ ಕಟ್ಟಿದ್ರೆ ಪ್ರಯೋಜನ ಇಲ್ಲ ನೋಡು..."

ಮಾದಕ್ಕನ ಕಣ್ಣು ತುಂಬಿ ಬಂತು. ಇವನೇ ನಮ್ಮ ಅಜ್ಜ, ಅಂದುಕೊಂಡಳು. "ಅಜ್ಜಾ, ನಿಮ್ಮ ಹತ್ತಿರ ಎಷ್ಟು ದೊನ್ನೆ ಇದೆ?"

"ಎಷ್ಟು ಅಂದ್ರೆ? ಮೊದಲಿಂದಲೂ ಇದೊಂದೇ. ಯಾಕೆ?"

"ಏನಿಲ್ಲ ಅಜ್ಜಾ, ಸುಮ್ಮನೆ ಕೆದಕಿದೆ," ಎಂದು ಅವಳು ಪಟಪಟ ರೆಕ್ಕೆ ಬಡಿದು ಇಳಿಜಾರಿನಲ್ಲಿ ಹಾರಿದಳು.

ಮನೆಗೆ ಬರುವ ಹೊತ್ತಿಗೆ ಸಂಜೆ ಬಿಸಿಲು. ಕಾರೆ ಪೊದೆಯ ಹತ್ತಿರ ಕಾಲಿಟ್ಟಳೋ ಇಲ್ಲವೋ, ಹಳೇ ದೊನ್ನೆ ಗದಗದ ನಡುಗಿತು. "ಬೆಕ್ಕು! ಕಾಡುಬೆಕ್ಕು! ಹಳ್ಳದ ದಾರಿ ಹಿಡಿದು ನಿಮ್ಮ ಕಡೆಗೇ ಬರ್ತಿದೆ!"

ಕೆಂಚಪ್ಪ ಆರೂ ಮರಿಗಳನ್ನು ಮುಳ್ಳಿನ ನಡುಮಧ್ಯಕ್ಕೆ ನೂಕಿದ. ಮಾದಕ್ಕ ಮರಿಗಳನ್ನು ಎಣಿಸಿದಳು, ಉಸಿರು ಬಿಟ್ಟಳು. ಆಮೇಲೆ ಥಟ್ಟನೆ ಹೊರಗೆ ತಿರುಗಿ ನೋಡಿದಳು. ಉಳಿದ ಆರು ಮನೆ? ಅಲ್ಲಿ ಎಳೆಯೇ ಇಲ್ಲವಲ್ಲ!

ಒಂದು ನೆಗೆತಕ್ಕೆ ಹುತ್ತದ ನೆತ್ತಿ ಹತ್ತಿ ನಿಂತು ಕೂಗಿದಳು ನೋಡಿ, ಮಕ್ಕಳೇ! "ಬೆಕ್ಕು ಬಂತು! ಬೆಕ್ಕು ಬಂತು! ಒಳಗೆ ಹೋಗಿ!" ಮೊಲ ಬಿಲ ಸೇರಿತು. ಉಡ ಸಂದು ಸೇರಿತು. ಓತಿಕ್ಯಾತ ಮರ ಹತ್ತಿತು. ಚಿಕ್ಕಣ್ಣ ಮಾತ್ರ ಬಿಲದ ಹೊರಗೆ ಹೊಸ ದೊನ್ನೆ ತಬ್ಬಿಕೊಂಡು ಕೂತಿದ್ದ.

"ಸುಮ್ಮನೆ ಯಾಕೆ ಗಂಟಲು ಹರ್ಕೊಳ್ತೀಯಾ ಮಾದಕ್ಕ? ಈಗ ತಾನೇ ಅಜ್ಜನ್ನ ಕೇಳಿದೆ, ಎಲ್ಲಾ ಕ್ಷೇಮ ಅಂದ."

"ಎಲ್ಲಾ ಕ್ಷೇಮ ಮಗನೇ!" ಅಂದಿತು ದನಿ.

"ಅಯ್ಯೋ ಪೆದ್ದಪ್ಪಾ, ಆ ದನಿ ಬಂದದ್ದು ದೊನ್ನೆಯಿಂದಲ್ಲ! ಮೇಲೆ ನೋಡು!"

ಚಿಕ್ಕಣ್ಣ ತಲೆಯೆತ್ತಿದ. ಕೊಂಬೆಯ ಮೇಲೆ ಕಾಜಾಣ ಚಿನ್ನಪ್ಪ ಚಿಕ್ಕಣ್ಣನದೇ ಗೆದ್ದಲು ಮೆಲ್ಲುತ್ತ, "ಎಲ್ಲಾ ಕ್ಷೇಮ" ಅನ್ನಲು ಮತ್ತೆ ಬಾಯಿ ತೆರೆದಿದ್ದ. ಅಷ್ಟರಲ್ಲಿ ಹುಲ್ಲಿನ ನಡುವೆ ಪಟ್ಟೆಪಟ್ಟೆ ಬಾಲ ಅವನ ಕಣ್ಣಿಗೇ ಬಿತ್ತು. "ಚರ್ರ್! ಸತ್ತೆ!" ಎಂದು ಸ್ವಂತ ದನಿಯಲ್ಲಿ ಅರಚಿಕೊಂಡು ಹಾರಿದವನು ಇವತ್ತಿನವರೆಗೂ ಆ ಕಡೆ ಬಂದಿಲ್ಲ.

ಚಿಕ್ಕಣ್ಣ ಬಿಲಕ್ಕೆ ಧುಮುಕಿದ. ಬೆಕ್ಕಿನ ಪಂಜಕ್ಕೆ ಸಿಕ್ಕಿದ್ದು ಬಾಲದ ತುದಿ ಮಾತ್ರ. ಅಷ್ಟಕ್ಕೇ ಬದುಕಿಕೊಂಡ.

ಐದನೆಯ ದಿನ ನೂಲಪ್ಪ ಬಂದ. ಕತೆಯೆಲ್ಲ ಅವನ ಕಿವಿಗೂ ಬಿದ್ದಿತ್ತು. ಹೊಂಗೆ ಮರದ ಕೆಳಗೆ ತಲೆ ತಗ್ಗಿಸಿ ನಿಂತವರನ್ನು ನೋಡಿ ಮೀಸೆಯಡಿ ನಕ್ಕ.

"ಬಂದ್ರಾ ದಾರಿಗೆ! ಇನ್ನು ಮೇಲೆ ಮನೆಗೆ ಐವತ್ತು. ಮನೆಗೊಂದು ಉದ್ದನೆ ಎಳೆ ಹೊಸದಾಗಿ ಹಾಕಬೇಕಲ್ಲ, ಪಾಪ, ನನಗೂ ಕಷ್ಟ."

ಚಿಕ್ಕಣ್ಣ ಗಾಯದ ಬಾಲ ಹಿಡಿದುಕೊಂಡು, "ಐವತ್ತಾದ್ರೂ ಕೊಡ್ತೀವಪ್ಪ, ಜೀವ ಉಳಿದರೆ ಸಾಕು," ಅಂದ.

"ನಿಲ್ಲು ಚಿಕ್ಕಣ್ಣ," ಎಂದಳು ಮಾದಕ್ಕ. ಎದೆ ಸೆಟೆಸಿ ಮುಂದೆ ಬಂದಳು. "ನೂಲಪ್ಪಣ್ಣ, ಗುಡ್ಡದಿಂದ ಈ ಮರಕ್ಕೆ ಎಷ್ಟು ಎಳೆ?"

"ಏಳು. ಎಷ್ಟು ಸಲ ಹೇಳಲಿ?"

"ಒಂದು! ನಾನು ಎಳೆ ಹಿಡಿದು ಅಜ್ಜನ ಬಂಡೆವರೆಗೂ ನಡೆದು ಬಂದಿದ್ದೀನಿ. ಒಂದು ಎಳೆ ಹಾಕಿ ಏಳು ಎಳೆಯ ಬಾಡಿಗೆ ತಿಂದಿದ್ದೀಯಾ."

ನೂಲಪ್ಪನ ಎಂಟೂ ಕಾಲು ಮುದುಡಿಕೊಂಡವು. "ಹಾಗಲ್ಲ ಮಾದಕ್ಕ... ಗಂಟು ಹಾಕೋ ಕೆಲಸ..."

"ಕೇಳು. ಆ ಸಂಜೆ ನಾನು ಕೂಗಿದ್ದು ಏಳೂ ಮನೆಗೆ ಕೇಳಿದೆ. ಎಳೆ ನನ್ನ ಮನೆಗೊಂದೇ ಇರಲಿ. ನಲವತ್ತು ಕೊಡ್ತೀವಿ, ಏಳು ಮನೆಯವರು ಹಂಚಿಕೊಂಡರೆ ತಲೆಗೆ ಆರೂ ಬೀಳಲ್ಲ. ಅಜ್ಜ ಹೇಳಿದ್ದನ್ನ ನಾನು ಹುತ್ತದ ಮೇಲೆ ನಿಂತು ಸಾರುತ್ತೀನಿ. ಇಲ್ಲ, ಎಲ್ಲರ ಮನೆಗೂ ಎಳೆ ಕಟ್ಟು, ಮೊದಲಿನ ಹಾಗೆ ಹತ್ತು ಹತ್ತು ತಗೋ. ನಲವತ್ತು ಬೇಕೋ ಎಪ್ಪತ್ತು ಬೇಕೋ, ನೀನೇ ಹೇಳು."

 ಉಡ ಮೊದಲು ನಕ್ಕಿತು, ಅದರ ಹಿಂದೆ ಎಲ್ಲರೂ ನಕ್ಕರು.

"ಎಪ್ಪತ್ತೇ ಇರಲಿ," ಎಂದ ನೂಲಪ್ಪ ಸಣ್ಣ ದನಿಯಲ್ಲಿ.

"ಹರಿದರೆ?"

"ಅವತ್ತೇ ಬಂದು ಕಟ್ಟಿಕೊಡ್ತೀನಿ ತಾಯಿ." ಹೊರಡುವ ಮುಂಚೆ ಅವನಿಗೆ ತಡೆಯಲಾಗಲಿಲ್ಲ. "ಅಲ್ಲಾ, ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ಟರು?"

"ಹೇಳಿದವರ ಮಾತು ಕೇಳಿದವರೆಲ್ಲ ಇಲ್ಲಿ ನಿಂತಿದ್ದಾರೆ," ಎಂದಳು ಮಾದಕ್ಕ. "ನಾನು ನಡೆದು ನೋಡಿದೆ."

ಬಾಡಿಗೆಗೆಂದು ಮಾದಕ್ಕ ಕೂಡಿಸಿಟ್ಟಿದ್ದ ನಲವತ್ತರಲ್ಲಿ ಹತ್ತು ಹೋಗಿ ಉಳಿದ ಮೂವತ್ತು ಗೆದ್ದಲು ಆ ಸಂಜೆ ಆರು ಮರಿಗಳ ಹೊಟ್ಟೆ ಸೇರಿದವು. ಕುಂಟ ಮರಿ ಒಂದು ಹೆಚ್ಚಿಗೆ ತಿಂದಿತು. ಎಕ್ಕದ ಎಲೆಯನ್ನು ಕಾಯಿಸಿಯೇ ಕಟ್ಟಿದ್ದರು.

ನೀತಿ: ಪುಕ್ಕಟೆ ಎಂದವನಿಗೆ ಮರುಳಾಗಬೇಡ, ದುಬಾರಿ ಎಂದವನಿಗೆ ಹೆದರಬೇಡ, ಎಳೆ ಹಿಡಿದು ಕೊನೆಯವರೆಗೆ ನಡೆದು ನೋಡಿದವರು ಮೋಸ ಹೋಗುವುದಿಲ್ಲ.