ದ್ವೀಪಕ್ಕೆ ಈಜು ಕಲಿಸಲು ಹೋದ ಅಂಬಿಗಿತ್ತಿ

“ಗುರುಗಳೇ, ಪರದೇಶದಲ್ಲಿ ಸ್ವಯಂಸೇವಕನಾಗಿ ಇರಲು ನಾಳೆ ಹೊರಡುತ್ತಿದ್ದೇನೆ. ಸೇವೆ ಮಾಡಿದವನು ಹೆಮ್ಮೆಪಡಬಾರದು ಎನ್ನುತ್ತಾರೆ. ಒಂದಿಷ್ಟೂ ಪಡಬಾರದೇ?” ಎಂದು ಶಿಷ್ಯನೊಬ್ಬ ಕೇಳಿದ.

“ಧಾರಾಳವಾಗಿ ಪಡು. ಯಾವುದಕ್ಕೆ ಎಂಬುದು ತಿಳಿದಿರಲಿ,” ಎಂದು ಗುರುಗಳು ಈ ಕತೆ ಹೇಳಿದರು.

ಹೊಳೆಯ ದಂಡೆಯ ಊರೊಂದರಲ್ಲಿ ಒಬ್ಬ ಅಂಬಿಗಿತ್ತಿ ಇದ್ದಳು. ಹರಿಗೋಲು ಹಾಕುವ ಮನೆತನ. ನಡೆಯುವುದಕ್ಕೆ ಮೊದಲೇ ಈಜು ಕಲಿತವಳು ಎಂದು ಊರವರು ಅವಳ ಬಗ್ಗೆ ಹೇಳುತ್ತಿದ್ದರು. ದೂರದ ಕಡಲಿನಲ್ಲಿ ಒಂದು ದ್ವೀಪವಿದೆ, ಅಲ್ಲಿನವರು ಮೀನು ಹಿಡಿದು ಬದುಕುತ್ತಾರೆ, ಆದರೆ ಒಬ್ಬರಿಗೂ ಈಜು ಬಾರದು, ವರ್ಷ ವರ್ಷವೂ ಯಾರಾದರೂ ನೀರುಪಾಲಾಗುತ್ತಾರೆ ಎಂಬ ಸುದ್ದಿ ಅವಳ ಕಿವಿಗೆ ಬಿತ್ತು. ಕಲಿಸುವವರು ಬೇಕು, ಸಂಬಳವಿಲ್ಲ, ಉಣ್ಣಲು ಮಲಗಲು ಮಾತ್ರ ಕೊಡುತ್ತಾರೆ ಎಂದರು. ಅವಳು ಹಡಗು ಹತ್ತಿದಳು. ಮುಳುಗುವವರನ್ನು ಎತ್ತಿ ತರಬೇಕು, ಊರಿಗೆ ಬಂದು ಅದನ್ನು ಹೇಳಬೇಕು ಎಂಬುದೊಂದೇ ಅವಳ ಮನಸ್ಸಿನಲ್ಲಿತ್ತು.

ದ್ವೀಪದಲ್ಲಿ ಒಬ್ಬ ವಿಧವೆ ಅವಳಿಗೆ ತನ್ನ ಮನೆಯಲ್ಲಿ ಜಾಗ ಕೊಟ್ಟಳು. ಈಜು ಕಲಿಯಲು ಯಾರೂ ಬರಲಿಲ್ಲ. ಕಲಿಯುವ ಸರದಿ ಮೊದಲು ಅಂಬಿಗಿತ್ತಿಗೇ ಬಂತು. ಹಸಿ ತೆಂಗಿನ ಸಿಪ್ಪೆಯಿಂದ ಒಲೆ ಹೊತ್ತಿಸಲು ಅವಳಿಗೆ ಬರಲಿಲ್ಲ, ಮನೆಯೊಡತಿ ಕಲಿಸಿದಳು. ಕಡಲ ಮೀನನ್ನು ಹಸನು ಮಾಡಲು ಬರಲಿಲ್ಲ, ಅದನ್ನೂ ಕಲಿಸಿದಳು. ಒಂದು ದಿನ ಅಂಗಡಿಯಲ್ಲಿ ಅಲ್ಲಿನ ಭಾಷೆಯಲ್ಲಿ ಉಪ್ಪು ಕೇಳಲು ಹೋಗಿ, ನಾಲಿಗೆ ಹೊರಳದೆ ಅತ್ತೆ ಎಂಬರ್ಥದ ಮಾತು ಆಡಿ, ಅತ್ತೆಯನ್ನು ಕೇಳಿದಳು. ಅಂಗಡಿಯವನು, “ನನ್ನ ಅತ್ತೆಯನ್ನು ಒಯ್ಯಿ ತಾಯಿ, ಮರಳಿ ತರುವುದು ಬೇಡ,” ಎಂದ. ಊರೆಲ್ಲ ನಕ್ಕಿತು. ಅವಳ ಮುಖ ಕೆಂಪೇರಿತು. ಆದರೆ ಅಂದಿನಿಂದ ಜನ ಅವಳನ್ನು ಕಂಡರೆ ನಿಂತು ಮಾತಾಡಿಸತೊಡಗಿದರು.

ಈಜಿನ ಮಾತೆತ್ತಿದರೆ ಮಾತ್ರ ಗಂಡಸರು ಬೇಡವೆಂದು ತಲೆಯಾಡಿಸುತ್ತಿದ್ದರು. “ಕಡಲಿಗೆ ಬಿದ್ದವನು ಕಡಲಿನವನು. ಈಜು ಬಾರದವನು ಬೇಗ ಸಾಯುತ್ತಾನೆ, ಬಂದವನು ಒದ್ದಾಡಿ ಸಾಯುತ್ತಾನೆ,” ಎನ್ನುತ್ತಿದ್ದರು. ಕೊನೆಗೆ, ಕಡಲ ನೀರು ಇಳಿದ ಹೊತ್ತಿನಲ್ಲಿ ಚಿಪ್ಪು ಆರಿಸುವ ಕೆಲವು ಹೆಂಗಸರು ಕುತೂಹಲಕ್ಕೆ ಬಂದರು. ದಡದೆದುರಿನ ಬಂಡೆಸಾಲಿನ ಒಳಗೆ ಅಲೆಯಿಲ್ಲದ ನೀರಿತ್ತು. ಅಲ್ಲಿ ಅವಳು ಒಬ್ಬೊಬ್ಬರ ಬೆನ್ನಿಗೆ ಅಂಗೈ ಕೊಟ್ಟು ತೇಲಿಸಿದಳು. “ಕತ್ತು ಸಡಿಲ ಬಿಡು. ಆಕಾಶ ನೋಡು. ನಾನಿದ್ದೇನೆ,” ಎನ್ನುವಳು. ತೇಲಲು ಬಂದ ಮೇಲೆ ಕೈಕಾಲು ಬಡಿದು ಈಜಲು ಕಲಿಸಿದಳು. ಮುಳುಗುವವರ ಎದುರಿಗೆ ಹೋಗಬಾರದು, ಅಪ್ಪಿಕೊಂಡು ಮುಳುಗಿಸಿಬಿಡುತ್ತಾರೆ. ಹಿಂದಿನಿಂದ ಗದ್ದ ಹಿಡಿದು ಎಳೆಯಬೇಕು ಎಂಬುದನ್ನೂ ಕಲಿಸಿದಳು.

ಮನೆಯೊಡತಿ ಮಾತ್ರ ದಡದಲ್ಲೇ ಕುಳಿತಿರುತ್ತಿದ್ದಳು. ಅವಳ ಗಂಡ ದಡಕ್ಕೆ ಕಾಣುವಷ್ಟು ದೂರದಲ್ಲೇ, ಅವಳ ಕಣ್ಣೆದುರಿಗೇ ಮುಳುಗಿದ್ದ.

“ಹೆದರಿಕೆ ಹೋಗಲಿ ತಂಗಿ, ಆಮೇಲೆ ಬರುತ್ತೇನೆ,” ಎಂದಳು.

“ಅದು ಹೋಗುವುದಿಲ್ಲ ಅಕ್ಕಾ. ಅದನ್ನೂ ಕರೆದುಕೊಂಡೇ ಬಾ,” ಎಂದಳು ಅಂಬಿಗಿತ್ತಿ.

ಮನೆಯೊಡತಿ ಇನ್ನೂ ಬಹಳ ದಿನ ದಡದಲ್ಲೇ ಕುಳಿತಳು. ಒಂದು ಬೆಳಿಗ್ಗೆ ಎದ್ದು, ಯಾರಿಗೂ ಹೇಳದೆ, ನಡುಗುತ್ತಲೇ ನೀರಿಗೆ ಇಳಿದಳು. ಎಲ್ಲರಿಗಿಂತ ನಿಧಾನವಾಗಿ ಕಲಿತಳು. ಕಲಿತ ಮೇಲೆ ಒಂದು ದಿನವೂ ಬಿಡಲಿಲ್ಲ.

ಹೀಗಿರಲು, ಪಕ್ಕದ ದ್ವೀಪದ ಸಂತೆಗೆ ಹೊರಟ ದೋಣಿಯಲ್ಲಿ ಊರವರ ಜೊತೆ ಅಂಬಿಗಿತ್ತಿ, ಮನೆಯೊಡತಿ ಇಬ್ಬರೂ ಕುಳಿತರು. ಬಂಡೆಸಾಲು ದಾಟುವಾಗ ಅಡ್ಡ ಅಲೆಯೊಂದು ಎದ್ದು ದೋಣಿ ಮಗುಚಿತು. ದೋಣಿಯ ಅಂಚು ಅಂಬಿಗಿತ್ತಿಯ ಹೆಗಲಿಗೆ ಬಡಿಯಿತು. ತೋಳು ಮುರಿಯಿತು. ಹುಟ್ಟಿದಾಗಿನಿಂದ ನೀರಿನಲ್ಲಿ ಬೆಳೆದವಳಿಗೆ ಅಂದು ಮೊದಲ ಸಲ ಮೇಲು ಯಾವುದು ಕೆಳಗು ಯಾವುದು ತಿಳಿಯಲಿಲ್ಲ. ನೀರು ಕುಡಿದಳು. ಸಿಕ್ಕಿದ್ದನ್ನು ಹಿಡಿಯಲು ಒಂದೇ ಕೈಯಿಂದ ತಡಕಾಡಿದಳು. ಆಗ ಹಿಂದಿನಿಂದ ಯಾರೋ ಅವಳ ಗದ್ದ ಹಿಡಿದರು.

“ಕತ್ತು ಸಡಿಲ ಬಿಡು ತಂಗಿ. ಆಕಾಶ ನೋಡು. ನಾನಿದ್ದೇನೆ.”

ಮನೆಯೊಡತಿಯ ದನಿ. ಅಂಬಿಗಿತ್ತಿ ಕತ್ತು ಸಡಿಲ ಬಿಟ್ಟಳು, ಆಕಾಶ ನೋಡಿದಳು. ಮನೆಯೊಡತಿ ಅವಳನ್ನು ದಡಕ್ಕೆ ಎಳೆದು ತಂದು ಮತ್ತೆ ನೀರಿಗೆ ಹೋದಳು. ಚಿಪ್ಪು ಆರಿಸುತ್ತಿದ್ದ ಹೆಂಗಸರೂ ಧುಮುಕಿದರು. ಮಗುಚಿದ ದೋಣಿಗೆ ಜೋತುಬಿದ್ದಿದ್ದವರನ್ನೆಲ್ಲ ಕರೆತಂದರು. ಅಂದು ಕಡಲಿಗೆ ಯಾರೂ ಸಿಗಲಿಲ್ಲ.

ಮರುದಿನ ಈಜು ಕಲಿಯಲು ಗಂಡಸರೂ ಬಂದರು. ಅಂಬಿಗಿತ್ತಿಯ ತೋಳಿಗೆ ಬಿದಿರಿನ ದಬ್ಬೆ ಕಟ್ಟಿದ್ದರಿಂದ ಅವಳು ನೀರಿಗಿಳಿಯುವಂತಿರಲಿಲ್ಲ. ಮನೆಯೊಡತಿಯೇ ಅವರಿಗೆ ಕಲಿಸಿದಳು. ಅಂಬಿಗಿತ್ತಿ ಮರಳಿನ ಮೇಲೆ ಕುಳಿತು ನೋಡಿದಳು. ತಿದ್ದಲು ಒಮ್ಮೆ ಬಾಯಿ ತೆರೆದಳು. ಅಷ್ಟರಲ್ಲಿ ಮನೆಯೊಡತಿಯೇ ತಿದ್ದಿದಳು.

ತೋಳು ಕೂಡಿದ ಮೇಲೆ ಅವಳು ಊರಿಗೆ ಮರಳಿದಳು. ಹೊಳೆದಂಡೆಯಲ್ಲಿ ಜನ ಸೇರಿ, ಅಲ್ಲಿ ಎಷ್ಟು ಜನರನ್ನು ಎತ್ತಿದೆ ಎಂದು ಕೇಳಿದರು.

“ಒಬ್ಬರನ್ನೂ ಇಲ್ಲ,” ಎಂದಳು. “ನಾನೇ ಮುಳುಗಿದ್ದೆ. ನಾನು ಕಲಿಸಿದವಳು ನನ್ನನ್ನು ಎಳೆದು ತಂದಳು.”

ಕೇಳಿದವರಿಗೂ ಹೇಳಿದಳು, ಕೇಳದವರನ್ನು ನಿಲ್ಲಿಸಿಯೂ ಹೇಳಿದಳು. ಅವಳ ಅಣ್ಣನಿಗೆ ತಲೆ ತಗ್ಗಿಸುವಂತಾಯಿತು. “ಅಂಬಿಗರ ಮಗಳಾಗಿ, ನಾನೇ ಮುಳುಗಿದ್ದೆ ಎಂದು ಡಂಗುರ ಸಾರುತ್ತೀಯಲ್ಲ. ಮನೆತನದ ಮಾನ ಏನಾಗಬೇಕು?” ಎಂದ.

“ನನಗೆ ಮೀಸೆ ಇದ್ದಿದ್ದರೆ ಈ ಮಾತು ಹೇಳುವಾಗಲೇ ತಿರುವುತ್ತಿದ್ದೆ ಅಣ್ಣಾ,” ಎಂದು ಅವಳು ತಲೆಯೆತ್ತಿ ನಡೆದಳು.

ಕತೆ ಅಲ್ಲಿಗೆ ನಿಂತಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಗುರುಗಳೇ, ಎತ್ತಿದವಳು ಮನೆಯೊಡತಿ. ಮುಳುಗಿದವಳಿಗೆ ಅಷ್ಟು ಹೆಮ್ಮೆ ಏಕೆ?” ಎಂದು ಕೇಳಿದ.

ಗುರುಗಳು ಹೇಳಿದರು: “ಎಂದಾದರೊಂದು ದಿನ ದಾರಿ ತಪ್ಪಿದ ನನ್ನನ್ನು, ನಾನೇ ಕಲಿಸಿದ ದಾರಿಗೆ ನೀನು ಕೈಹಿಡಿದು ತಿರುಗಿಸುತ್ತೀಯೆ, ಆಗ ನನ್ನ ಮುಖ ನೋಡು.”