ಬಿದಿರು ಕೇಳಿ ಪಡೆದ ಬರಿದು

ಲೋಕ ಹೊಚ್ಚ ಹೊಸದು. ಸೂರ್ಯ ಇನ್ನೂ ಒಮ್ಮೆಯೂ ಮೂಡಿರಲಿಲ್ಲ. ಇರಬೇಕಾದದ್ದೆಲ್ಲ ಹೊಳೆಯ ಈಚೆ ದಡದಲ್ಲಿ ಕಣ್ಣು ಮುಚ್ಚಿ ಮಲಗಿತ್ತು. ಮೊದಲ ಬೆಳಗಿಗೆ ಮುಂಚೆ ಎಲ್ಲವೂ ಆಚೆ ದಡ ಸೇರಬೇಕಿತ್ತು.

ದಾಟಿಸುವ ಬುಟ್ಟಿ ಹೆಣೆದವಳು ಗೀಜಗಜ್ಜಿ, ಗೂಡು ಹೆಣೆಯುವ ಗೀಜಗ ಹಕ್ಕಿಗಳ ಅಜ್ಜಿ. ಬುಟ್ಟಿ ಒಂದೇ. ಅವಳು ಒಬ್ಬೊಬ್ಬರನ್ನೇ ಕೇಳುತ್ತಾ ಬಂದಳು: “ಕಣ್ಣು ಬಿಡುವಾಗ ನಿನ್ನೊಳಗೆ ಏನಿರಬೇಕು?”

“ಸಿಹಿನೀರು,” ಎಂದಿತು ತೆಂಗು. ಅಜ್ಜಿ ನೀರು ತುಂಬಿ ಬುಟ್ಟಿಯಲ್ಲಿಟ್ಟಳು.

“ಖಾರ,” ಎಂದಿತು ಮೆಣಸು. ಖಾರ ತುಂಬಿ ಇಟ್ಟಳು.

ಗವಿ ಮಾತಾಡಲಿಲ್ಲ. ಮಾತಾಡದವರಿಗಾಗಿ ಅಜ್ಜಿ ಒಂದು ಹುಲ್ಲಿನ ದಾರ ಇಟ್ಟುಕೊಂಡಿದ್ದಳು. ಅದರಲ್ಲಿ ಒಂದು ಗಂಟು ಹಾಕಿದಳು. ಒಂದು ಗಂಟಿಗೆ ಆಚೆ ದಡದಲ್ಲಿ ಒಂದು ಬರಿದಾದ ಜಾಗ ಸಿಗುತ್ತಿತ್ತು.

“ನನಗೆ ಹನ್ನೆರಡು ಕೋಣೆ, ಒಂದರ ಮೇಲೊಂದು,” ಎಂದಿತು ಬಿದಿರು. “ಒಳಗೆ ಏನೂ ಇರಬಾರದು.”

ತೆಂಗು ನಕ್ಕಿತು. “ಏನೂ ಬೇಡ ಅನ್ನೋದಕ್ಕೆ ಇಷ್ಟುದ್ದ ಮಾತೇ?”

“ನಾನೂ ಬಾಯಿಬಿಟ್ಟು ಕೇಳಿದ್ದೇನೆ. ನಿನ್ನ ಹಾಗೆ ನನ್ನದೂ ಬುಟ್ಟಿಗೆ ಹೋಗಬೇಕು.”

ಅಜ್ಜಿಗೆ ನ್ಯಾಯ ಅನ್ನಿಸಿತು. ಹನ್ನೆರಡು ಎಲೆಯ ಪೆಟ್ಟಿಗೆ ಹೆಣೆದಳು. ಒಂದೊಂದರಲ್ಲೂ ಜೋಪಾನವಾಗಿ ಏನೂ ಇಡದೆ ಮುಚ್ಚಿ ಪೇರಿಸಿದಳು. ಬುಟ್ಟಿ ತುಂಬಿಹೋಯಿತು. ಭತ್ತ, ಹಲಸು ಇನ್ನೂ ಹೊರಗೇ ಇದ್ದವು.

“ಅಜ್ಜೀ, ಇಷ್ಟು ಹೇರಿದರೆ ಬಂಡೆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತೆ,” ಎಂದಿತು ಹೊಳೆ.

ಅಜ್ಜಿ ಒಂದು ಪೆಟ್ಟಿಗೆ ತೆರೆದು ನೋಡಿದಳು. ಕಿವಿಯಿಟ್ಟೂ ಕೇಳಿದಳು. ಆಮೇಲೆ ಹನ್ನೆರಡನ್ನೂ ಹೊರಗೆ ತೆಗೆದು, ಆ ಜಾಗವನ್ನು ಭತ್ತ, ಹಲಸಿಗೆ ಬಿಟ್ಟು, ದಾರ ಎತ್ತಿಕೊಂಡಳು.

ಬಿದಿರು ಕೂಗಿಕೊಂಡಿತು. “ಅದು ಮಾತಾಡದವರ ದಾರ! ಅಲ್ಲಿ ನನ್ನನ್ನು ಮರೆತುಬಿಟ್ಟರೆ?”

“ಬರಿದನ್ನು ಯಾರೂ ಹೊರಬೇಕಾಗಿಲ್ಲ, ಮರಿ. ಎಷ್ಟು ಅಂತ ನೆನಪಿದ್ದರೆ ಸಾಕು. ನೀನು ಕೇಳಿದ್ದೂ ಅದೇ, ಕೇಳದವರಿಗೆ ಸಿಗೋದೂ ಅದೇ.”

“ಸೂರ್ಯ ಮೂಡೋಕೆ ಮುಂಚೆ ಕೊಡ್ತೀಯಾ?”

“ಎಲ್ಲರೂ ಕಣ್ಣು ಬಿಡೋಕೆ ಮುಂಚೆ.”

ಬಿದಿರು ಮತ್ತೆ ಕೇಳಿತು. “ಗಂಟಿಗೆ ಭಾರ ಇಲ್ಲವಲ್ಲ ಅಜ್ಜಿ. ಹನ್ನೆರಡೇ ಯಾಕೆ?”

ಅಜ್ಜಿ ನಕ್ಕು ನಲವತ್ತು ಹಾಕಿದಳು.

ಹೊಳೆ ಮೆಲ್ಲಗೆ ಬುಟ್ಟಿ ದಾಟಿಸಿತು. ತೆಂಗು ತನ್ನ ನೀರನ್ನು ಕುಲುಕಿ ನೋಡಿಕೊಂಡು ಮಣ್ಣಿಗಿಳಿಯಿತು. ಬಿದಿರು ಕೆಸರಿನಲ್ಲಿ ಬರೀ ಒಂದು ಚೂಪು ಮೊಳಕೆ. ಮೂಡಣ ದಿಕ್ಕು ಬಿಳುಪಾಗುತ್ತಿತ್ತು.

ಆಗ ಗೀಜಗಜ್ಜಿ ದಾರದ ತುದಿ ಕಚ್ಚಿಕೊಂಡು ಮೇಲೆ ಹಾರಿದಳು. ಮೊದಲ ಗಂಟಿಗೆ ಗವಿ ಬಾಯಿ ತೆರೆಯಿತು. ಮುಂದಿನ ಗಂಟಿಗೆ ಬಿದಿರಿನ ಒಂದು ಕೋಣೆ ಎದ್ದಿತು. ಮತ್ತೊಂದು ಗಂಟು, ಮತ್ತೊಂದು ಕೋಣೆ. ಮೊದಲ ಕಿರಣ ನೆಲ ಮುಟ್ಟುವಷ್ಟರಲ್ಲಿ ಬಿದಿರು ನಲವತ್ತು ಕೋಣೆ ಎತ್ತರ ನಿಂತಿತ್ತು.

“ಒಳಗೆ ಏನಿದೆಯೋ?” ಕೆಳಗಿನಿಂದ ತೆಂಗು ಕೂಗಿತು.

ಬಿದಿರು ಒಂದೊಂದೇ ಕೋಣೆ ತಡವಿಕೊಂಡಿತು. “ಏನೂ ಇಲ್ಲ,” ಎಂದಿತು, ನೆಮ್ಮದಿಯಿಂದ.

ಅದಕ್ಕೇ ಇವತ್ತಿಗೂ ತೆಂಗಿನ ಸಸಿ ವರ್ಷಗಟ್ಟಲೆ ನಿಧಾನ ಮಾಡುತ್ತದೆ, ಬಿದಿರ ಮೊಳಕೆ ಮಾತ್ರ ಮಳೆ ಹಿಡಿದ ಕೆಲವೇ ವಾರಗಳಲ್ಲಿ ಮನೆಯ ಮಾಡನ್ನು ಮೀರುತ್ತದೆ. ಅದರ ಗೆಣ್ಣುಗಳೆಲ್ಲ ಅಜ್ಜಿ ಹಾಕಿದ ಗಂಟುಗಳು, ಎರಡು ಗೆಣ್ಣುಗಳ ನಡುವೆ ನೀನು ಬೆರಳಿನಿಂದ ತಟ್ಟಿದಾಗ ಕೇಳಿಸುವುದು ಬಿದಿರು ಬಾಯಿಬಿಟ್ಟು ಕೇಳಿ ಪಡೆದ ಬರಿದು.