ಜಾಗ ಬಿಡದ ಹೆಸರಿನ ಒಗಟು

ಉಸಿರಿಟ್ಟು ಕಳಿಸುವವನೂ ನೀನೇ, ಸಾಕು ಬಾ ಎಂದು ಕರೆಸಿಕೊಳ್ಳುವವನೂ ನೀನೇ. ಪರಶಿವನೇ, ನಿನ್ನ ಪಾದಕ್ಕೆ ಎರಗಿ ಈ ಕತೆಗೆ ತೊಡಗುತ್ತೇವೆ. ತಪ್ಪಿದರೆ ತಿದ್ದಿ ನಡೆಸು.

ಸೋನೆಪುರದ ಬೀದಿಬೀದಿಯಲ್ಲಿ ಡಂಗುರ ಸಾರಿದರು: "ಕೇಳಿರಪ್ಪೋ ಕೇಳಿ. ಅರಮನೆಯ ಗಣಕಯಂತ್ರ ಹೊಸ ಕೆಲಸ ಹಿಡಿಯದೆ ಕಟ್ಟಿಕೊಂಡು ನಿಂತಿದೆ. ಧರಣಿಮಲ್ಲ ಅರಸರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನು ಯಂತ್ರದ ಒಡೆಯ. ತಪ್ಪಿದವನ ತಲೆ ಕೋಟೆಬಾಗಿಲಿಗೆ."

ಆ ಯಂತ್ರವನ್ನು ಕಟ್ಟಿದವನು ರಾಜಕುಮಾರ ಮಕರಂದ. ಕಣಜದ ಲೆಕ್ಕ, ಕೆರೆಗಳ ನೀರು, ಊರಿನ ದೀಪ, ಎಲ್ಲವೂ ಅದರೊಳಗೆ ಒಟ್ಟೊಟ್ಟಿಗೆ ಓಡುವ ಕೆಲಸಗಳು. ಹಿಂದಿನ ಮಳೆಗಾಲದಲ್ಲಿ ನೆರೆ ಬಂದಾಗ ದೊಡ್ಡ ತೂಬನ್ನು ಕೈಯಾರೆ ತೆರೆಯಲು ಹೋದ ಕುಮಾರ ಹೊಳೆಪಾಲಾದ. ಮಗ ಸತ್ತನೆಂದು ಅರಸರು ಒಪ್ಪಲಿಲ್ಲ. ಶ್ರಾದ್ಧವಿಲ್ಲ, ಎಳ್ಳುನೀರಿಲ್ಲ. ಸಭೆಯಲ್ಲಿ ಮಗನ ಪೀಠದ ಮೇಲೆ ದಿನಾ ವೀಳ್ಯ ಇಡಿಸುತ್ತಿದ್ದರು. ಆಮೇಲೆ ಯಂತ್ರಕ್ಕೂ ಗ್ರಹಚಾರ ಹಿಡಿಯಿತು. ಸರಿಮಾಡಲು ಬಂದ ಪಂಡಿತರು ಓಡುತ್ತಿದ್ದ ಕೆಲಸಗಳನ್ನೆಲ್ಲ ತಟಕ್ಕನೆ ಕತ್ತರಿಸಿ ಕಣಜದ ಲೆಕ್ಕವನ್ನೇ ಕೆಡಿಸಿದರು. ತಲೆ ತೆಗೆಸುವ ಮಾತು ಹುಟ್ಟಿದ್ದು ಆ ಸಿಟ್ಟಿನಲ್ಲಿ.

ಯಂತ್ರ ಕಾಯದಂತೆ ದೊಡ್ಡ ಬೀಸಣಿಗೆಯ ಹಗ್ಗ ಎಳೆಯುತ್ತಿದ್ದವರು ಹಾಲಪ್ಪ ಮತ್ತು ಅವನ ತಮ್ಮ ಕೆಂಚಪ್ಪ. ಕುಮಾರ ಕೆಲಸ ಮಾಡುತ್ತಲೇ ಇವರಿಗೆ ಯಂತ್ರದ ಗುಟ್ಟು ಒಂದೊಂದನ್ನೂ ಹೇಳುತ್ತಿದ್ದ. ಅಣ್ಣ ಸಭೆಗೆ ಹೊರಟು ನಿಂತಾಗ ಕೆಂಚಪ್ಪ ಅಡ್ಡ ಬಂದ.

"ಬೇಡ ಕಣಣ್ಣಾ. ತಲೆ ಹೋಗೋ ಕೆಲಸ."

"ಕುಮಾರರ ಯಂತ್ರ ಕಣೋ ಅದು. ಹಿಂಗೆ ಏದುಸಿರು ಬಿಡೋದನ್ನ ನೋಡ್ಕೊಂಡು ಎಷ್ಟು ದಿನ ಗಾಳಿ ಬೀಸ್ತಾ ಕೂರೋಣ?"

ಸಭೆಯಲ್ಲಿ ಮೊದಲು ಎದ್ದವನು ಮಂತ್ರಿಯ ಅಳಿಯ ಜಯಪಾಲ. ಅರಸರು ಕೇಳಿದರು: "ಒಂದು ಮಾತಿದೆ. ಕೇಳಿದವನು ಕೈಲಿದ್ದದ್ದನ್ನು ಜೋಡಿಸಿಟ್ಟು, ದೀಪ ಆರಿಸಿ, ತಾನೇ ಬಾಗಿಲೆಳೆದುಕೊಂಡು ಹೋಗುತ್ತಾನೆ. ಮನಸ್ಸಿಲ್ಲದಿದ್ದರೆ ಕಿವುಡನಂತೆ ಕೂರಲೂಬಹುದು. ಯಾವುದದು?"

"ಮರಣದಾಜ್ಞೆ, ಮಹಾಸ್ವಾಮಿ. ಅದನ್ನು ಮೀರಿದವರುಂಟೇ?"

"ಮೀರಬಹುದು ಅಂತಲೇ ಹೇಳಿದೆನಲ್ಲ," ಎಂದು ಅರಸರು ಭಟರತ್ತ ನೋಡಿದರು. ಜಯಪಾಲನನ್ನು ಸೆರೆಗೆ ಎಳೆದೊಯ್ದರು. ಅವನ ಹಿಂದೆ ಸಾಲುಗಟ್ಟಿದ್ದವರು ಒಬ್ಬೊಬ್ಬರೇ ಜಾರಿಕೊಂಡರು. ಹಾಲಪ್ಪ ಮಾತ್ರ ನಿಂತ.

"ಅದು 'ಮುಗಿಸಪ್ಪಾ' ಅನ್ನೋ ಸಂಜ್ಞೆ, ಬುದ್ಧೀ. ಓಡೋ ಕೆಲಸಕ್ಕೆ ಮೊದಲು ಅದನ್ನೇ ಕಳಿಸಬೇಕು. ಲೆಕ್ಕ ಬರೆದಿಟ್ಟು ತಾನಾಗಿ ನಿಲ್ಲುತ್ತೆ. ಕೇಳದಿದ್ದರೆ ಮಾತ್ರ ಕೊಲ್ಲೋ ಸಂಜ್ಞೆ. ಅದನ್ನ ಯಾರೂ ಮೀರೋ ಹಾಗಿಲ್ಲ, ಆದರೆ ಕೈಲಿದ್ದದ್ದೆಲ್ಲ ಚೆಲ್ಲಿಹೋಗುತ್ತೆ. ಪಂಡಿತರು ಮಾಡಿದ್ದು ಅದನ್ನೇ."

ಅರಸರು ತಲೆದೂಗಿದರು. "ಎತ್ತಿದ ಕಾಲು ಎತ್ತಿದಂತೆಯೇ ಇದೆ. ಸತ್ತಿಲ್ಲ, ಮಲಗಿಲ್ಲ. ಒಂದು ಕೂಗು ಬಿದ್ದರೆ ಅದೇ ಕಾಲನ್ನು ಮುಂದಿಡುತ್ತಾನೆ. ಯಾರವನು?"

"'ನಿಲ್ಲು' ಅನ್ನೋ ಸಂಜ್ಞೆ ಬಿದ್ದ ಕೆಲಸ, ಬುದ್ಧೀ. 'ನಡಿ' ಅಂದರೆ ಬಿಟ್ಟ ಜಾಗದಿಂದಲೇ ನಡೆಯುತ್ತೆ."

"ಸರಿ. ಕೊನೆಯದು. ಸತ್ತುಹೋಗಿದ್ದಾನೆ. ಉಣ್ಣುವುದಿಲ್ಲ, ದುಡಿಯುವುದಿಲ್ಲ. ಆದರೂ ಹೆಸರು ಪಟ್ಟಿಯಲ್ಲಿದೆ, ಹೊಸಬರಿಗೆ ಜಾಗ ಬಿಡುವುದಿಲ್ಲ. ಸತ್ತವನಿಗೆ ಕೊಲ್ಲುವ ಸಂಜ್ಞೆ ಏನು ಮಾಡೀತು? ಯಾರು ಬಂದರೆ ಅವನಿಗೆ ಬಿಡುಗಡೆ?"

ಹಾಲಪ್ಪ ಬಾಯಿ ತೆರೆದ. ಅರಸರ ಮುಖ ನೋಡಿದ, ವೀಳ್ಯವಿಟ್ಟ ಪೀಠ ನೋಡಿದ, ಬಾಯಿ ಮುಚ್ಚಿದ.

"ಗೊತ್ತಿಲ್ಲ, ಬುದ್ಧೀ."

ಅಣ್ಣನಿಗೆ ಗೊತ್ತಿದೆ, ಆದರೆ ಮಗ ಹೋದ ತಂದೆಯ ಮುಂದೆ ಆಡಲಾರದೆ ನುಂಗಿಕೊಂಡ ಎಂಬುದು ಕೆಂಚಪ್ಪನಿಗೆ ತಿಳಿಯಿತು. ಭಟರು ಅಣ್ಣನ ರಟ್ಟೆ ಹಿಡಿದರು. ಶಿವಶಿವಾ ಎಂದುಕೊಂಡು ಕೆಂಚಪ್ಪ ಮುಂದೆ ಬಂದ.

"ನಾನು ಹೇಳ್ತೀನಿ, ಬುದ್ಧೀ. ಅಣ್ಣನ್ನ ಬಿಡಿ."

"ಸುಮ್ಮನಿರೋ ಕೆಂಚಾ," ಎಂದ ಹಾಲಪ್ಪ.

"ಸರಿಯಾದರೆ ಇಬ್ಬರೂ ಉಳಿಯುತ್ತೀರಿ," ಎಂದರು ಅರಸರು. "ತಪ್ಪಿದರೆ ಇಬ್ಬರೂ ಇಲ್ಲ."

ಕೆಂಚಪ್ಪ ಕೈಮುಗಿದ. "ಯಂತ್ರದೊಳಗೆ ಒಂದು ಕೆಲಸವನ್ನ ಇನ್ನೊಂದು ಹುಟ್ಟಿಸಿರುತ್ತೆ. ಮಗು ಮುಗಿದುಹೋದಾಗ ತಂದೆಗೊಂದು ಸಂಜ್ಞೆ ಬರುತ್ತೆ: ನಿನ್ನ ಮಗು ಹೋಯಿತು, ಬಂದು ಅದರ ಕೊನೇ ಮಾತು ಕೇಳ್ಕೋ ಅಂತ. ತಂದೆ ಕೇಳ್ಕೊಂಡರೆ ಹೆಸರು ಅಳಿಯುತ್ತೆ. ತಂದೆ ಆ ಕಡೆ ತಿರುಗದೇ ಇದ್ದರೆ ಸತ್ತ ಮಗು ಪಟ್ಟಿಯಲ್ಲೇ ಅಲೆಯುತ್ತೆ. ಬರಬೇಕಾದವನು ತಂದೆ, ಬುದ್ಧೀ. ಬೇರೆಯವರ ಕೈಲಿ ಆಗಲ್ಲ."

ಕತ್ತಿ ಹಿಡಿದವನು ಸನ್ನೆಗಾಗಿ ಕಾದ. ಅರಸರು ವೀಳ್ಯವಿಟ್ಟ ಪೀಠದತ್ತ ತಿರುಗಿದರು. ಕೊನೆಗೆ, "ಮಗನ ಜೊತೆ ಹೋಗಿದ್ದ ಅಂಬಿಗನನ್ನು ಕರೆತನ್ನಿ" ಎಂದರು.

ಮುದುಕ ಅಂಬಿಗ ಬಂದು ಕೈಮುಗಿದ. "ಹೇಳೋಕೆ ಬಂದಿದ್ದೆ, ಬುದ್ಧೀ. ಬಾಗಿಲಲ್ಲೇ ತಿರುಗಿಸಿ ಕಳಿಸಿದರು."

"ಈಗ ಹೇಳು. ಕೊನೆಗೆ ಏನೆಂದ?"

"'ತೂಬು ತೆರೀತು, ಇನ್ನು ಊರಿಗೆ ಭಯವಿಲ್ಲ' ಅಂದರು. ಆಮೇಲೆ ಕೈ ಜಾರಿತು."

ಅರಸರು ಎದ್ದರು. ಭಟರ ಕೈಯಿಂದ ಹಾಲಪ್ಪನನ್ನು ಬಿಡಿಸಿದರು, ಸೆರೆಮನೆಯ ಬಾಗಿಲನ್ನೂ ತೆರೆಸಿದರು. ಜಯಪಾಲ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತ ಹೊರಬಂದ. ಯಂತ್ರದ ಮನೆಯ ಬೀಗದಕೈ ಅಣ್ಣತಮ್ಮಂದಿರ ಪಾಲಾಯಿತು. ಅವರು ಯಂತ್ರದೊಳಗೆ ಮೈಮರೆತು ಕೂತಿದ್ದ ತಂದೆ-ಕೆಲಸಗಳನ್ನು ಎಚ್ಚರಿಸುತ್ತ ಹೋದಂತೆ ಸತ್ತ ಹೆಸರುಗಳು ಅಳಿದು, ಹೊಸ ಕೆಲಸಗಳಿಗೆ ಜಾಗವಾಯಿತು.

ಆ ಹೊತ್ತಿಗೆ ಅರಸರು ಹೊಳೆಯಲ್ಲಿ ಸೊಂಟದ ಮಟ್ಟ ನಿಂತಿದ್ದರು. ಬೊಗಸೆಯ ಎಳ್ಳುನೀರನ್ನು ಬಿಡಲು ಬೆರಳು ಸಡಿಲವಾಗಲಿಲ್ಲ. ಅಂಬಿಗ ಪಕ್ಕದಲ್ಲಿ ಕಾದ. ಆಮೇಲೆ ಅರಸರು ಮಗನ ಹೆಸರು ಹೇಳಿ ನೀರು ಬಿಟ್ಟರು.

ಈ ಕತೆ ಕೇಳಿದವರ ಮಕ್ಕಳು ಸುಖವಾಗಿ ಮನೆ ಸೇರಲಿ. ಹೋದವರಿಗೆ ಸದ್ಗತಿಯಾಗಲಿ, ಉಳಿದವರಿಗೆ ಶಿವನು ನೆಮ್ಮದಿ ಕೊಡಲಿ.